ಗಡಿಯಾರದ ಕೋಣೆಯ ದೀಪ

ಐರಿನಮ್ಮ ಬೋಳುಗುಡ್ಡಕ್ಕೆ ಬಂದದ್ದು ಮಾಘ ಮಾಸದಲ್ಲಿ, ಬಿಸಿಲು ಇನ್ನೂ ಎಳೆಯದಾಗಿದ್ದ ಹೊತ್ತು. ಅವರೆಕಾಯಿಯ ಕಾಲ ಮುಗಿಯುತ್ತಾ ಬಂದಿತ್ತು. ನಾನು ಅಡುಗೆಮನೆಯ ಹೊರಗೆ ಕೂತು ಕೊನೆಯ ಕಾಯಿ ಸುಲಿಯುತ್ತಿದ್ದೆ. ಜೀಪಿನಿಂದ ಇಳಿದವರು ಸೀದಾ ಆಫೀಸಿಗೆ ಹೋಗುತ್ತಾರೆ ಅಂದುಕೊಂಡರೆ, ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ತಾವೂ ಒಂದು ಹಿಡಿ ಕಾಯಿ ಎತ್ತಿಕೊಂಡರು. ಮಂಗಳೂರು ಕಡೆಯವರು, ದೊಡ್ಡ ವಿಜ್ಞಾನಿ. ಸುಲಿಯಲು ಬರುತ್ತಿರಲಿಲ್ಲ; ಆದರೂ ಬಿಡಲಿಲ್ಲ.

ಗುಡ್ಡದ ಮೇಲೆ ಆಗ ಇದ್ದದ್ದು ಒಂದು ತಟ್ಟೆ, ಒಂದು ಆಫೀಸು, ಜನರೇಟರಿನ ಶೆಡ್ಡು, ನಮ್ಮ ವಸತಿಯ ಸಾಲು, ಮತ್ತೆ ಅರ್ಧ ನೆಲದೊಳಗೆ ಹುಗಿದ ಗಡಿಯಾರದ ಕೋಣೆ. ತಟ್ಟೆ ಅಂದರೆ ರಾಗಿ ಕಣದಷ್ಟು ಅಗಲದ ಬಿಳಿ ಬೋಗುಣಿ, ಆಕಾಶದ ಕಡೆ ಬಾಯಿ ತೆರೆದು ಕೂತದ್ದು. ಅದು ನೋಡುವುದಿಲ್ಲ, ಕೇಳುತ್ತದೆ. ಅದಕ್ಕೆ ತೊಂದರೆ ಆಗಬಾರದು ಅಂತ ಸುತ್ತಲಿನ ಹಳ್ಳಿಗಳಲ್ಲಿ ಮೊಬೈಲು ಇಲ್ಲ, ತಾನೇ ದಾರಿ ನೋಡಿಕೊಂಡು ಓಡುವ ಹೊಸ ಕಾರುಗಳೂ ಇಲ್ಲ. ಹಾಗಾಗಿ ವಯಸ್ಸಿನ ಹುಡುಗರು ಇಲ್ಲಿ ಕೆಲಸಕ್ಕೆ ನಿಲ್ಲುತ್ತಿರಲಿಲ್ಲ. ಬಂದವರು ಒಂದು ಮಳೆಗಾಲ ಕಳೆದು ಹೊರಡುತ್ತಿದ್ದರು. ಕೊನೆಗೆ ಉಳಿದದ್ದು ಅಡುಗೆಗೆ ನಾನು, ಕರೆಂಟು, ಜೀಪು ನೋಡಿಕೊಳ್ಳಲು ನಮ್ಮೂರಿನ ಕೆಂಚಣ್ಣ, ಗದಗಿನ ಕಡೆಯ ಇಂಜಿನಿಯರು ಮುರಿಗೆಪ್ಪ, ನಮ್ಮೆಲ್ಲರ ಮೇಲೆ ಐರಿನಮ್ಮ.

ನಾನು ಗುಡ್ಡ ಸೇರಿದ್ದು ನನ್ನ ನಕ್ಷತ್ರದಿಂದ. ಹುಟ್ಟಿದ್ದು ಮೂಲಾ. ಮೂಲಾ ನಕ್ಷತ್ರದ ಹೆಣ್ಣು ಕಾಲಿಟ್ಟ ಮನೆಯಲ್ಲಿ ಮಾವ ಉಳಿಯುವುದಿಲ್ಲ ಅಂತ ನಮ್ಮ ಕಡೆ ಮಾತು. ನೋಡಲು ಬಂದವರು ಉಪ್ಪಿಟ್ಟು ತಿಂದು, ನಕ್ಷತ್ರ ಕೇಳಿ, ಎದ್ದು ಹೋದರು. ಆಮೇಲೆ ಬರುವವರೂ ನಿಂತರು. ಅಣ್ಣನ ಮನೆಯಲ್ಲಿ ಎಷ್ಟು ಕಾಲ ಇರುವುದು ಅಂತ ಇಲ್ಲಿ ಸೌಟು ಹಿಡಿದೆ.

ಇದನ್ನು ಒಂದು ಮಧ್ಯಾಹ್ನ ಐರಿನಮ್ಮನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಿದ್ದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅಂತ ಎಷ್ಟು ಹೇಳಿದರೂ ಅಗಿಯುತ್ತಿದ್ದರು. ನುಂಗಲು ಇದೇನು ಗುಳಿಗೆಯಾ ಅಂತ ಕೇಳುತ್ತಿದ್ದರು. ನನ್ನ ಮಾತಿಗೆ ಅವರ ಕೈ ನಿಂತಿತು.

"ಮೂಲಾ ಅಂದೆಯಾ? ನಾನು ಓದು ಮುಗಿಸಿದ ದಿನದಿಂದ ನೋಡುವುದು ಅದನ್ನೇ ಮಾರಾಯ್ತಿ."

ಎಂಜಲು ಕೈಯಲ್ಲೇ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಆಕಾಶದ ಒಂದು ಮೂಲೆ ತೋರಿಸಿದರು. ಹಗಲು, ಅಲ್ಲಿ ಏನೂ ಇರಲಿಲ್ಲ. ಆದರೆ ಅಲ್ಲೇ, ಮೂಲಾ ನಕ್ಷತ್ರದ ಮಗ್ಗುಲಲ್ಲೇ, ನಮ್ಮ ಆಕಾಶಗಂಗೆಯ ನಡುಮಧ್ಯ ಇದೆಯಂತೆ. ಆ ನಡುವಿನಲ್ಲಿ ಒಂದು ಕಪ್ಪು ಕುಳಿ. ನಲವತ್ತು ಲಕ್ಷ ಸೂರ್ಯರ ತೂಕವಂತೆ. ಬೆಳಕು ಬಿದ್ದರೂ ಮೇಲೆ ಬಾರದು. ಅದರ ಅಂಚಿನಲ್ಲಿ ಕಾದು ಗಿರಗಿರ ಸುತ್ತುವ ಹಬೆ ಮಾತ್ರ ಸದ್ದು ಮಾಡುತ್ತದೆ, ಆ ಸದ್ದನ್ನು ತಟ್ಟೆ ಹಿಡಿಯುತ್ತದೆ.

"ಅದಕ್ಕೇ ನಮ್ಮನ್ನ ಯಾರೂ ಮನೆಗೆ ಸೇರ್ಸಲ್ಲ ಬುಡಿ," ಅಂದೆ.

"ಕೋಟಿಗಟ್ಟಲೆ ನಕ್ಷತ್ರ ಅದನ್ನೇ ಸುತ್ತಿಕೊಂಡು ಬದುಕಿದ್ದಾವೆ. ಒಬ್ಬ ಮಾವನಿಗೆ ಎಂಥ ಆಗುವುದು ಉಂಟು?"

ಅವತ್ತಿನವರೆಗೆ ನನ್ನ ನಕ್ಷತ್ರದ ಮಾತಿಗೆ ನಕ್ಕವರು ಯಾರೂ ಇರಲಿಲ್ಲ. ಆಮೇಲೆ ನಮ್ಮ ಊಟ ಒಟ್ಟಿಗೇ ಆಯಿತು.

ಆ ಕುಳಿ ಒಂದು ತಟ್ಟೆಗೆ ಕಾಣುವಂಥದ್ದಲ್ಲ. ಎರಡು ತಟ್ಟೆ ದೂರ ದೂರ ಇಟ್ಟು ಎರಡೂ ಒಂದೇ ಗಳಿಗೆಯಲ್ಲಿ ಕೇಳಿದರೆ, ನಡುವೆ ಎಷ್ಟು ಅಂತರವೋ ಅಷ್ಟು ದೊಡ್ಡ ಒಂದೇ ಕಣ್ಣು ಆದ ಹಾಗೆ. ಭೂಮಿಯ ಮೇಲಿನ ತಟ್ಟೆಗಳನ್ನು ಹೀಗೆ ಕೂಡಿಸಿ ಹಿಂದಿನವರು ಒಂದು ಚಿತ್ರ ತೆಗೆದಿದ್ದರು. ಕಂಬಳಿ ಹೊದ್ದು ದೀಪ ನೋಡಿದ ಹಾಗೆ ಮಬ್ಬಾಗಿತ್ತು. ಇನ್ನೂ ದೂರ ಬೇಕಿತ್ತು, ಭೂಮಿಯ ಅಗಲ ಸಾಲದಾಯಿತು. ಅದಕ್ಕೆ ಚಂದ್ರನ ಬೆನ್ನಿನ ಮೇಲೆ ಒಂದು ತಟ್ಟೆ ಕಟ್ಟಿದರು. ಬೆನ್ನು ಅಂದರೆ ನಮಗೆ ಯಾವತ್ತೂ ಕಾಣದ ಕಡೆ. ಅಲ್ಲಿಂದ ಭೂಮಿಯೂ ಕಾಣದು, ಭೂಮಿಯ ಗದ್ದಲವೂ ಮುಟ್ಟದು.

ತಟ್ಟೆಗಿಂತ ಗಡಿಯಾರ ದೊಡ್ಡದು ಅಂತ ಐರಿನಮ್ಮ ಯಾವಾಗಲೂ ಅನ್ನುತ್ತಿದ್ದರು. ಒಂದು ತಟ್ಟೆಯ ಸದ್ದನ್ನು ಬೇರೆಯಾಗಿ ಕೇಳಿದರೆ ಬರೀ ಸರಸರ, ಬಾಣಲೆಯಲ್ಲಿ ಎಳ್ಳು ಹುರಿದ ಹಾಗೆ. ಇಲ್ಲಿನ ಸರಸರದ ಪಕ್ಕ ಅಲ್ಲಿನ ಸರಸರ ಇಟ್ಟು, ಎರಡೂ ಗಡಿಯಾರ ಕೂದಲೆಳೆಯಷ್ಟೂ ತಪ್ಪದೆ ಹೊಂದಿದರೆ, ಮುರಿಗೆಪ್ಪನ ಪರದೆಯ ಮೇಲೆ ಬಯಲಲ್ಲಿ ಒಂದೇ ಗಿಡ ಎದ್ದ ಹಾಗೆ ಒಂದು ಗೆರೆ ಏಳುತ್ತದೆ. ಗೆರೆ ಎದ್ದರೆ ಎರಡು ಕಣ್ಣು ಕೂಡಿದವು ಅಂತ. ಗಡಿಯಾರಕ್ಕೆ ಸೆಕೆ ಆಗಬಾರದು, ಚಳಿ ಆಗಬಾರದು. ನಮ್ಮದನ್ನು ನೆಲದೊಳಗೆ ಇಟ್ಟು ಎರಡು ಬಾಗಿಲು ಹಾಕಿ, ಯಾರೂ ಒಳಗೆ ಹೋಗಕೂಡದು ಅಂತ ನಿಯಮ ಮಾಡಿದ್ದರು. ಮನುಷ್ಯನ ಮೈ ಬಿಸಿಯೂ ಅದಕ್ಕೆ ಆಗದು.

ಚಂದ್ರನ ಮೇಲಿನ ಗಡಿಯಾರ ಕೈಕೊಡುತ್ತಲೇ ಇತ್ತು. ಅಲ್ಲಿ ಹಗಲು ನಮ್ಮ ಒಂದು ಪಕ್ಷ, ಇರುಳು ಒಂದು ಪಕ್ಷ. ಆ ಕಾವು, ಆ ಚಳಿ ತಡೆಯದೆ ಕೆಡುತ್ತಿತ್ತು. ಯಂತ್ರದ ಕೈಗಳಿಗೆ ರಿಪೇರಿ ಒಗ್ಗಲಿಲ್ಲ. ಒಬ್ಬ ಮನುಷ್ಯ ಅಲ್ಲೇ ಇರಬೇಕು ಅಂತಾಯಿತು. ಒಬ್ಬರಿಗಿಂತ ಹೆಚ್ಚು ಜನಕ್ಕೆ ಗಾಳಿ ನೀರು ಸಾಲದು. ಮಕ್ಕಳೊಂದಿಗರು ಯಾರೂ ಒಪ್ಪಲಿಲ್ಲ. ಐರಿನಮ್ಮ ಮದುವೆ ಆದವರಲ್ಲ, ತಾಯಿ ತೀರಿಕೊಂಡಿದ್ದರು. ಕೇಳುವ ಮುಂಚೆಯೇ ಒಪ್ಪಿಕೊಂಡರು.

ಹೋಗುವ ದಿನ ನನ್ನ ಭುಜ ಹಿಡಿದು ಹೇಳಿದರು: "ಗೆರೆ ಎದ್ದರೆ ನಾನು ಇದ್ದೇನೆ ಅಂತ ತಿಳಿ, ಓಬಕ್ಕ."

ನನಗೆ ಕುಳಿಯ ಚಿತ್ರ ಬೇಕಾಗಿರಲಿಲ್ಲ. ಈ ಹೆಂಗಸು ಜೀವಂತ ಇಳಿದು ಬಂದರೆ ಸಾಕಾಗಿತ್ತು. ನನಗೆ ಬೇರೆ ಯಾರಿದ್ದರು?

ಚಂದ್ರ ಮೂಲಾ ನಕ್ಷತ್ರಕ್ಕೆ ಬರುವ ಹಿಂದಿನ ವಾರ, ಮುಂದಿನ ವಾರ ಅದರ ಬೆನ್ನು ಆ ಕುಳಿಯ ಕಡೆ ತಿರುಗಿರುತ್ತದೆ. ಆ ಪಕ್ಷವೆಲ್ಲ ಕೆಲಸ. ಆಗ ಮಾತು ಬಂದ್. ಮಾತು ಹೋಗುವುದು ರೇಡಿಯೋ ಅಲೆಯಲ್ಲಿ. ಅಲ್ಲಿ ಅಷ್ಟು ಸದ್ದಾದರೂ ತಟ್ಟೆಯ ಕೆಲಸ ಕೆಡುತ್ತದೆ. ಮಾತಿನ ಪೆಟ್ಟಿಗೆ ಚಾಲೂ ಮಾಡುವ ಗುಂಡಿಯೂ ಐರಿನಮ್ಮನ ಕೈಯಲ್ಲೇ ಇತ್ತು, ಕೆಲಸದ ಪಕ್ಷದಲ್ಲಿ ಅವರು ಅದನ್ನು ಮುಟ್ಟುವವರಲ್ಲ. ಅಲ್ಲಿಂದ ಬೆಳಕಿನ ಕಿರಣವೊಂದು, ಚಂದ್ರನಾಚೆ ಸುತ್ತುವ ಉಪಗ್ರಹವೊಂದನ್ನು ಮುಟ್ಟಿ, ಅಳತೆಗಳನ್ನಷ್ಟೇ ಹೊತ್ತು ತರುತ್ತಿತ್ತು. ಇಲ್ಲಿ ಗೆರೆ ಎದ್ದರೆ ಅದೇ ಕಿರಣ ವಾಪಸ್ಸು ಹೋಗಿ ಅಲ್ಲೊಂದು ಹಸಿರು ದೀಪ ಹೊತ್ತಿಸುತ್ತಿತ್ತು. ಅಷ್ಟೇ ನಮ್ಮ ಸಂಬಂಧ. ನಾನು ಊಟ ಮುಗಿಸಿ ಪಾತ್ರೆ ತೊಳೆದು ಹೋಗಿ ಮುರಿಗೆಪ್ಪನ ಹಿಂದೆ ಕೂರುತ್ತಿದ್ದೆ. ಗೆರೆ ಏಳುತ್ತಿತ್ತು. ಐರಿನಮ್ಮ ಊಟ ಮಾಡಿದರು, ಕೆಲಸಕ್ಕೆ ಕೂತರು ಅಂತ ಮನಸ್ಸಿಗೆ ಬರುತ್ತಿತ್ತು. ಅಡುಗೆಮನೆಗೆ ಬಂದು ಅವರ ಜೊತೆ ಮಾತಾಡಿಕೊಂಡೇ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

ವರ್ಷ ತಿರುಗಿ ಆಶ್ವಯುಜ ಬಂತು. ಅದು ಕೊನೆಯ ಸುತ್ತು. ಆ ಹುಣ್ಣಿಮೆಯವರೆಗೆ ಎರಡು ಗಡಿಯಾರವೂ ನಿಲ್ಲದೆ ನಡೆದರೆ ಚಿತ್ರ ಪೂರ್ತಿ. ನಡುವೆ ಒಂದು ನಿಂತು ಹೊರಟರೂ ವರ್ಷದ ಕೆಲಸವೆಲ್ಲ ಮೊದಲಿನಿಂದ.

ಮಹಾನವಮಿಯ ದಿನ ಗುಡ್ಡದಲ್ಲಿ ಆಯುಧಪೂಜೆ. ಜೀಪಿಗೆ, ಜನರೇಟರಿಗೆ, ತಟ್ಟೆಯ ಬುಡಕ್ಕೆ ಕೆಂಚಣ್ಣನೇ ಪೂಜೆ ಮಾಡುತ್ತಿದ್ದ. ಐರಿನಮ್ಮ ಇದ್ದಾಗಲೂ ಮಾಡುತ್ತಿದ್ದ. ಜನರೇಟರಿಗೆ ಎರಡು ಹಾರ ಹಾಕು, ಅದು ನನಗಿಂತ ಹೆಚ್ಚು ದುಡಿಯುತ್ತದೆ ಅನ್ನುತ್ತಿದ್ದರು. ಗಡಿಯಾರಕ್ಕೆ ಮಾತ್ರ ಬಾಗಿಲ ಹೊರಗಿನಿಂದಲೇ ಕುಂಕುಮ.

ಅವತ್ತು ಮಧ್ಯಾಹ್ನ ಕಡುಬು ಮಾಡಿದ್ದೆ. ತಿಂದು ಹೋಗಿ ಕೂತೆ. ಗೆರೆ ಏಳಲಿಲ್ಲ.

ಮುರಿಗೆಪ್ಪ ಏನೇನೋ ಒತ್ತಿದ. ಬಯಲು ಬಯಲಾಗಿಯೇ ಇತ್ತು. ತಂತಿ ಫೋನಿನಲ್ಲಿ ದೊಡ್ಡ ಆಫೀಸಿನವರಿಗೆ ಹೇಳಿದ. ಚಂದ್ರನ ಬೆನ್ನಿನ ಮೇಲೆ ಆಗ ತಾನೇ ಇರುಳು ಕವಿದಿತ್ತು. ಚಳಿ ಹೊಡೆದು ಮೇಲಿನ ಗಡಿಯಾರವೇ ಕೆಟ್ಟಿರಬೇಕು, ಕೆಳಗಿನದು ಯಾವತ್ತೂ ತಪ್ಪಿದ್ದಿಲ್ಲ ಅಂತ ಅವರು ತೀರ್ಮಾನ ಮಾಡಿದರು. ನಮಗೂ ಹಾಗೇ ಅನ್ನಿಸಿತು. ನಮ್ಮ ಗಡಿಯಾರದ ಕೋಣೆಯ ಬಾಗಿಲು ತೆರೆಯುವುದು ಯಾರಿಗೂ ಹೊಳೆಯಲಿಲ್ಲ. ತೆರೆಯಬಾರದು ಅಂತಲೇ ಅಲ್ಲವೇ ನಿಯಮ.

ಮಾರನೆಯ ದಿನ ವಿಜಯದಶಮಿ. ಮುರಿಗೆಪ್ಪ ಪ್ರತಿವರ್ಷ ಬನ್ನಿ ಎಲೆ ತಂದು ಕೈಗೆ ಕೊಟ್ಟು ಬಂಗಾರದಂಗ ಇರೋಣ ಅನ್ನುತ್ತಿದ್ದ. ಆ ವರ್ಷ ಕೊಡಲಿಲ್ಲ. ಅವತ್ತೂ ಗೆರೆ ಇಲ್ಲ. ಅವನು ಮುಖ ತೊಳೆಯದೆ ಕೂತಿದ್ದ. ನಾನು ಕೇಳಿದ ಮೇಲೆ ಇದ್ದದ್ದು ಹೇಳಿದ. ಹಸಿರು ದೀಪ ಎರಡು ದಿನ ಹೊತ್ತದಿದ್ದರೆ ಮೂರನೆಯ ದಿನ ಐರಿನಮ್ಮ ತಮ್ಮ ಗುಡಿಸಿಲು ಬಿಟ್ಟು ಹೊರಗೆ ಹೋಗಿ, ದೂರದ ಶೆಡ್ಡಿನಲ್ಲಿರುವ ಗಡಿಯಾರವನ್ನು ಕೈಯಾರೆ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಅದು ಕಟ್ಟಳೆ. ಆದರೆ ಹೊರಗೆ ಹೋಗಲು ತೊಡುವ ಉಡುಪು ಹಗಲಿಗೆ ಹೊಲಿದದ್ದು. ಇರುಳಿನ ಚಳಿಗೆ ಹೆಚ್ಚು ಹೊತ್ತು ತಡೆಯದು.

"ಹಂಗಾರೆ ನೀನೇ ಆ ಹಸ್ರು ದೀಪ ಹಚ್ಚಪ್ಪ," ಅಂದೆ. "ಸುಳ್ಳೇ ಆಗ್ಲಿ. ಆಯಮ್ಮ ಒಳಗೆ ಕೂತಿರ್ಲಿ."

"ಹಚ್ಚಾಕ ಬರೂದಿಲ್ಲ ಅವ್ವಾ. ಗೆರಿ ಎದ್ದರನ ಅದು ಹತ್ತತೈತಿ. ನಮ್ಮ ಕೈ ಅದಕ್ಕ ಮುಟ್ಟಂಗಿಲ್ಲ." ಮತ್ತೆ ಪರದೆಯ ಕಡೆ ತಿರುಗಿ ಹೇಳಿದ: "ಬರ್ತಿದ್ದರ ನಾ ನಿನ್ನೇನ ಹಚ್ಚಿರ್ತಿದ್ನಿ."

ಮೂರನೆಯ ದಿನ ಏಕಾದಶಿ. ಬೆಳಗ್ಗೆ ನಾನು ಒಲೆ ಹಚ್ಚಲಿಲ್ಲ, ಹೊಸಿಲ ಮೇಲೆ ಕೂತಿದ್ದೆ. ಕೆಂಚಣ್ಣ ಸ್ನಾನ ಮಾಡಿ, ಒದ್ದೆ ಟವಲು ಹೆಗಲ ಮೇಲೆ ಹಾಕಿಕೊಂಡು, ಎಣ್ಣೆ ಡಬ್ಬಿ ಹಿಡಿದು ಗಡಿಯಾರದ ಕೋಣೆಯ ಕಡೆ ಹೊರಟಿದ್ದ. ಎಲ್ಲಿಗೆ ಅಂತ ಕೇಳಿದೆ. ಕೋಣೆಯಲ್ಲಿ ಎಣ್ಣೆ ಮುಗಿದಿರುತ್ತೆ ಅಂದ. ಯಾವ ಎಣ್ಣೆ ಅಂದೆ.

ಅವನು ನಿಂತ. ಆ ಎರಡು ದಿನದಲ್ಲಿ ನಗುಮುಖ ಇದ್ದದ್ದು ಅವನಿಗೊಬ್ಬನಿಗೇ.

"ನೀವೆಲ್ಲ ಸುಮ್ಕೆ ಎದ್ರುಕಂಡಿದ್ದೀರ ಓಬಕ್ಕ. ಅಮ್ಮಾರ್ಗೆ ಏನೂ ಆಗಾಕಿಲ್ಲ. ನವಮಿ ದಿನ ಅವರ ಹೆಸರ್ನಾಗೆ ನಂದಾದೀಪ ಇಕ್ಕಿವ್ನಿ. ಗಡಿಯಾರದ ಪಾದದ ತಾವೇ."

ನವರಾತ್ರಿಯಲ್ಲಿ ಮನೆಗಳಲ್ಲಿ ಆರದ ದೀಪ ಇಡುವುದು ಪದ್ಧತಿ. ಐರಿನಮ್ಮನ ಜೀವ ಇರುವುದು ಆ ಗಡಿಯಾರದಲ್ಲಿ ಅಂತ ಅವನಿಗೆ ಅನ್ನಿಸಿತ್ತು. ಅದಕ್ಕೆ ಆ ವರ್ಷ ಬಾಗಿಲ ಹೊರಗಿನ ಕುಂಕುಮ ಸಾಲದು ಅನ್ನಿಸಿತ್ತು. ದೊಡ್ಡ ಹಣತೆ, ಬೆರಳು ಗಾತ್ರದ ಬತ್ತಿ. ಶಾಖ ನೋಡುವ ಅಳತೆಗೋಲು ಇದ್ದದ್ದು ಎದುರು ಗೋಡೆಯಲ್ಲಿ, ತಣ್ಣನೆ ಗಾಳಿ ಬರುವ ಕಿಂಡಿಯ ಹತ್ತಿರ, ಅದು ಸುಮ್ಮನಿತ್ತು. ಗಡಿಯಾರ ಮಾತ್ರ ಬುಡದಿಂದ ಬೆಚ್ಚಗಾಗುತ್ತಿತ್ತು.

ನಾನು ಕೆಂಚಣ್ಣನ ಕೈ ಹಿಡಿದು ಮುರಿಗೆಪ್ಪನ ಬಳಿಗೆ ಕರೆದುಕೊಂಡು ಹೋದೆ. ಮುರಿಗೆಪ್ಪ ಕೇಳಿದವನು ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಆಗ ಕೆಂಚಣ್ಣನಿಗೆ ಅರ್ಥವಾಯಿತು. ಅವನ ಮುಖ ನೋಡಲು ಆಗಲಿಲ್ಲ. ಮಾಡಿದ್ದು ತಪ್ಪಾಗಿದ್ದರೆ ನನ್ನನ್ನು ಹೊಡೆಯಿರಿ, ಆದರೆ ದೀಪ ಮಾತ್ರ ಆರಿಸಬೇಡಿ, ಒಬ್ಬರ ಜೀವಕ್ಕೆ ಅಂತ ಹಚ್ಚಿದ್ದು ಕೈಯಾರೆ ಆರಿಸಬಾರದು ಅಂತ ಅವನು ನೆಲಕ್ಕೆ ಕೂತುಬಿಟ್ಟ.

"ಆರಸೂದಿಲ್ಲೋ ಮಾರಾಯ," ಅಂದ ಮುರಿಗೆಪ್ಪ. "ಆರಿಸಿದ್ರ ಗಡಿಯಾರ ಮೊದಲಿನಂಗ ಆಗಾಕ ಎರಡು ದಿನ ಹಿಡೀತೈತಿ. ಅಷ್ಟು ದಿನ ಆಕಿಗೆ ಎಲ್ಲೈತಿ? ಉರೀಲಿ. ಆದ್ರ ಒಂದ ಸಮ ಉರೀಬೇಕು. ಹೆಚ್ಚಾಗಬಾರದು, ಕಮ್ಮಿ ಆಗಬಾರದು."

ಬಿಸಿಯಾದ ಗಡಿಯಾರ ಯಾವ ಕಡೆ ಜಾರುತ್ತದೆ, ಎಷ್ಟು ಜಾರುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಎರಡು ದಿನ ಅವನು ಗೆರೆಯನ್ನು ಹುಡುಕಿದ್ದು ಅದು ಯಾವಾಗಲೂ ಏಳುತ್ತಿದ್ದ ಜಾಗದಲ್ಲಿ. ಈಗ ಅಲ್ಲಿಂದ ಬಹಳ ದೂರ ಹೋಗಿ ಹುಡುಕತೊಡಗಿದ. ದೀಪಕ್ಕೆ ಎಣ್ಣೆ ಹಾಕುವ ಕೆಲಸ ನನ್ನದಾಯಿತು. ಒಂದೊಂದೇ ಚಮಚ, ಹಾಕಿದ ಕೂಡಲೇ ಹೊರಗೆ; ನನ್ನ ಮೈ ಬಿಸಿಯೂ ಲೆಕ್ಕಕ್ಕೆ ಬರುತ್ತದೆ ಅಂದಿದ್ದ. ಗಡಿಯಾರ ಅಂದರೆ ಮುಳ್ಳಿಲ್ಲ, ಅಂಕಿಯಿಲ್ಲ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಕೆಂಚಣ್ಣ ಹಾಕಿದ್ದ ಚೆಂಡುಹೂವಿನ ಹಾರ. ಹಾರ ತೆಗೆದರೂ ಶಾಖ ಬದಲಾದೀತು ಅಂತ ಹಾಗೇ ಬಿಟ್ಟೆವು.

ಮೂಲಾ ಇಳಿಯುವ ಮುಂಚೆ, ಇನ್ನೂ ಬಿಸಿಲಿದ್ದಾಗಲೇ, ಗೆರೆ ಎದ್ದಿತು. ಪರದೆಯ ಒಂದು ಮೂಲೆಯಲ್ಲಿ, ಎಂದೂ ಇರದ ಜಾಗದಲ್ಲಿ. ಮುರಿಗೆಪ್ಪ ಲೆಕ್ಕ ಸರಿಪಡಿಸಿ ಅದನ್ನು ನಡುವಿಗೆ ತಂದ. ಕೆಂಚಣ್ಣ ಬಾಗಿಲಲ್ಲಿ ನಿಂತು ಅಳುತ್ತಿದ್ದ. ನಾನು ಐರಿನಮ್ಮ ಇದ್ದಾರೆ ಅಂದೆ. ಮುರಿಗೆಪ್ಪ ಹೂಂ ಅನ್ನಲಿಲ್ಲ. ಅವನು ನನ್ನ ಕಡೆ ತಿರುಗಲೂ ಇಲ್ಲ.

ಆಮೇಲೆ ನನಗೂ ತಿಳಿಯಿತು. ಗೆರೆ ಎದ್ದರೆ ಅಲ್ಲಿ ತಟ್ಟೆ ಇದೆ, ಗಡಿಯಾರ ಇದೆ ಅಂತ. ಅಷ್ಟೇ. ಅವು ನಡೆಯಲು ಪಕ್ಕದಲ್ಲಿ ಉಸಿರಾಡುವವರು ಇರಬೇಕೆಂದೇನಿಲ್ಲ. ಐರಿನಮ್ಮ ಹೊರಗೆ ಹೋಗಿ ಬಿದ್ದಿದ್ದರೂ ಗೆರೆ ಹೀಗೇ ಏಳುತ್ತಿತ್ತು. ಒಂದು ವರ್ಷ ನಾನು ಕೂತು ಮಾತಾಡಿದ್ದು ಎರಡು ಯಂತ್ರಗಳ ಹೊಂದಾಣಿಕೆಯ ಜೊತೆ.

ಹುಣ್ಣಿಮೆಯವರೆಗೆ ದೀಪ ಕಾದೆ. ಗೆರೆ ದಿನವೂ ಎದ್ದಿತು. ನಾನು ಹೋಗಿ ಕೂರಲಿಲ್ಲ.

ಹುಣ್ಣಿಮೆಯ ಮಾರನೆಯ ದಿನ ಚಂದ್ರನ ಬೆನ್ನಿನ ಮೇಲೆ ಮೂಲಾ ಮುಳುಗಿ ಕೆಲಸದ ಪಕ್ಷ ಮುಗಿಯಿತು. ಮಾತಿನ ಪೆಟ್ಟಿಗೆ ಬೆಳಗ್ಗೆಯಿಂದ ಸುಮ್ಮನೆ ಕೂತಿತ್ತು. ಮಧ್ಯಾಹ್ನ ಗೊರಗೊರ ಅಂದು ಒಂದು ದನಿ ಬಂತು.

"ಓಬಕ್ಕ, ಊಟ ಆಯಿತಾ?"

ಮುರಿಗೆಪ್ಪನೇ ಮಾತಾಡಿದ. ಅವರು ಏಕಾದಶಿಯ ಬೆಳಗ್ಗೆಯೇ ಶೆಡ್ಡಿಗೆ ಹೋಗಿದ್ದರಂತೆ. ಎಡಗೈ ಗವಸಿನ ಬಿಸಿ ದಾರಿಯಲ್ಲೇ ಕೆಟ್ಟಿತಂತೆ. ಗಡಿಯಾರ ನಿಲ್ಲಿಸುವ ಗುಂಡಿಯ ಮೇಲೆ ಕೈ ಇಟ್ಟವರು, ಒತ್ತಲಿಲ್ಲ.

"ನನ್ನ ಗಡಿಯಾರದಲ್ಲಿ ಎಷ್ಟು ನೋಡಿದರೂ ತಪ್ಪು ಸಿಗಲಿಲ್ಲ," ಅಂದರು. "ಹಾಗಾದರೆ ತಪ್ಪು ನಿಮ್ಮಲ್ಲಿ. ನಿಮ್ಮಲ್ಲಿ ಆದರೆ ನೀವು ಹುಡುಕುತ್ತೀರಿ ಅಂತ ಕೂತೆ. ಅವತ್ತೂ ಹೊತ್ತದಿದ್ದರೆ ಒತ್ತಲೇಬೇಕಿತ್ತು; ಶೆಡ್ಡಿನಲ್ಲೂ ಒಂದು ಹಸಿರು ದೀಪ ಉಂಟಲ್ಲ, ಅದನ್ನು ನೋಡುತ್ತಾ ಅಲ್ಲೇ ಕೂತೆ."

ಅದು ಹೊತ್ತುವವರೆಗೆ ಕೂತದ್ದಕ್ಕೆ ಎಡಗೈಯ ಬೆರಳುಗಳು ಹೋದವು.

ಅವರು ಇಳಿದು ಬಂದದ್ದು ಚೈತ್ರದಲ್ಲಿ. ಆಸ್ಪತ್ರೆ ಮುಗಿಸಿ ಗುಡ್ಡಕ್ಕೆ ಬರುವಾಗ ವೈಶಾಖ. ಕೋಲು ಹಿಡಿದು ಜೀಪಿನಿಂದ ಇಳಿದರು. ಹಗುರಾಗಿ ಇದ್ದೂ ಇದ್ದೂ ಮೂಳೆಗೆ ತಮ್ಮ ತೂಕವೇ ಭಾರವಾಗಿತ್ತು. ಕೆಂಚಣ್ಣ ಅವರ ಕಾಲ ಬಳಿ ಕೂತು ಎಲ್ಲವನ್ನೂ ತಾನೇ ಹೇಳಿದ. ಅವರು ಸರಿಯಿದ್ದ ಕೈಯನ್ನು ಅವನ ತಲೆಯ ಮೇಲೆ ಇಟ್ಟರು.

"ನನಗೂ ಅಲ್ಲಿ ಒಂದು ಮೊಂಬತ್ತಿ ಹಚ್ಚಬೇಕು ಅಂತ ಇತ್ತು ಮಾರಾಯ. ಬೆಂಕಿ ತರಲಿಕ್ಕೆ ಬಿಡಲಿಲ್ಲ."

ಚಿತ್ರವನ್ನು ಆಫೀಸಿನ ಗೋಡೆಗೆ ಹಾಕಿದ್ದರು. ಕೂದಲಿನಷ್ಟು ಸಣ್ಣ ಬೆಳಕಿನ ಬಳೆ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಒಳಗೆ ಕಪ್ಪು. ಕುಳಿ ಎಲ್ಲಿ ಅಂತ ಕೇಳಿದೆ. ಕುಳಿ ಕಾಣುವುದಿಲ್ಲ, ಅದರ ಸುತ್ತ ಇರುವುದಷ್ಟೇ ಕಾಣುವುದು ಅಂದರು. ದೇಶ ವಿದೇಶದಿಂದ ಜನ ಬಂದು ಅದನ್ನು ನೋಡಿ ಅವರ ಕೈ ಕುಲುಕಿ ಹೋಗುತ್ತಿದ್ದರು. ಬಂದವರು ಹೋಗುವವರೆಗೆ ಐರಿನಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದರು.

ನಾನು ಕಾದದ್ದು ಅವರಿಗಾಗಿ. ಅವರು ಬಂದಿದ್ದರು, ನನ್ನ ಎದುರೇ ಇದ್ದರು. ಆದರೆ ಒಟ್ಟಿಗೆ ಉಣ್ಣಲು ಆಗುತ್ತಿರಲಿಲ್ಲ. ಇನ್ನೊಬ್ಬರು ಅಗಿಯುವ ಸದ್ದು ತಡೆಯದು ಅಂತ ತಟ್ಟೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ನಾನು ಸೌಟು ಇಟ್ಟರೆ ಬೆಚ್ಚುತ್ತಿದ್ದರು. ಬೆಳಗಿನ ಹೊತ್ತು ಮಾತಾಡಿಸಬೇಡ ಅಂತ ಕೇಳಿಕೊಂಡರು. ಆಮೇಲೆ ನಾನು ಮಧ್ಯಾಹ್ನವೂ ಬಿಟ್ಟೆ. ಬರಿಗಾಲಲ್ಲಿ ಓಡಾಡುವುದನ್ನು ಕಲಿತೆ.

ಜ್ಯೇಷ್ಠದ ಕೊನೆಗೆ ದೊಡ್ಡ ಆಫೀಸಿನಿಂದ ಕೇಳಿಕೆ ಬಂತು. ಚಿತ್ರ ಆಯಿತು, ಇನ್ನು ಆ ಕುಳಿ ಸುತ್ತುವುದನ್ನೇ ನೋಡಬೇಕು, ವರ್ಷಗಟ್ಟಲೆ. ಮೇಲೆ ಯಾರಾದರೂ ಇರಬೇಕು. ಐರಿನಮ್ಮ ಒಪ್ಪಿದರು. ಈ ಸಲ ಹೋದರೆ ಮೂಳೆಗಳು ಭೂಮಿಗೆ ಮರಳಲು ಬಿಡುವುದಿಲ್ಲ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಅದಕ್ಕೂ ಸಹಿ ಹಾಕಿದರು.

ಆ ದಿನ ನಾನೇ ನನ್ನ ಊಟ ತೆಗೆದುಕೊಂಡು ಹೊರಗೆ ಹೋಗಿ ಅವರಿಂದ ಸ್ವಲ್ಪ ದೂರ ಕೂತೆ.

"ಇಲ್ಲೇ ಇದ್ದುಬುಡಿ," ಅಂದೆ. "ಸದ್ದು ಮಾಡಾಕಿಲ್ಲ. ಗೆರೆ ಎದ್ರೆ ನೀವು ಇದ್ದೀರ ಅಂತ ನಂಬಾಕೆ ಇನ್ನ ನನ್ ಕೈಲಿ ಆಗಾಕಿಲ್ಲ."

ಅವರು ಮುದ್ದೆಯ ಒಂದು ತುಣುಕು ಮುರಿದು, ಬಾಯಿಗೆ ಇಡದೆ ತಟ್ಟೆಯ ಅಂಚಿಗೆ ಇಟ್ಟರು.

"ಅಲ್ಲಿ ಇದ್ದಾಗ ನೀನು ನನ್ನ ಪಕ್ಕವೇ ಇದ್ದೆ ಓಬಕ್ಕ. ದಿನಾ ನಿನ್ನ ಹತ್ತಿರ ಮಾತಾಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ನಿನ್ನನ್ನು ಹುಡುಕುತ್ತಾ ಇದ್ದೇನೆ, ಸಿಗುವುದಿಲ್ಲ."

ನನಗೂ ಹಾಗೇ ಆಗಿತ್ತು. ಎದ್ದು ನನ್ನ ತಟ್ಟೆ ತೊಳೆಯಲು ಹೋದೆ.

ಆಷಾಢದಲ್ಲಿ ಯಾರೂ ಮನೆ ಬಿಟ್ಟು ದೂರ ಹೊರಡಬಾರದು ಅಂತ ಕೆಂಚಣ್ಣ ತಡೆದು ನೋಡಿದ. ಅಲ್ಲಿ ಆಷಾಢ ಇಲ್ಲ ಅಂತ ಅವರು ನಕ್ಕರು. ಗಾಳಿ ಜೋರಾಗಿತ್ತು. ಮುರಿಗೆಪ್ಪ ಪೆಟ್ಟಿಗೆ ಎತ್ತಿಟ್ಟ. ಜೀಪು ಹತ್ತುವ ಮುಂಚೆ ಅವರು ಏನೋ ಹೇಳಿದರು. ಗಾಳಿಗೆ ನನಗೆ ಕೇಳಿಸಲಿಲ್ಲ, ನಾನು ಕೇಳಿಸಿದವಳ ಹಾಗೆ ತಲೆಯಾಡಿಸಿದೆ. ಕೆಂಚಣ್ಣನೇ ಜೀಪು ಓಡಿಸಿದ. ಐರಿನಮ್ಮ ಹೋದದ್ದು ಆಷಾಢದ ಮೊದಲನೆಯ ಗುರುವಾರ.